ಕೈ ತೊಳೆದು ನೋಡುವ ನಾಣ್ಯ

ನಮ್ಮ ಮನೆಗೆ ಬಂದವರು ಮೊದಲು ಕಾಲು ತೊಳೆಯಬೇಕಿತ್ತು. ಅದು ಎಲ್ಲರ ಮನೆಯಲ್ಲೂ ಇದ್ದದ್ದೇ. ಆಮೇಲೆ ಕೈ ತೊಳೆಯಬೇಕಿತ್ತು. ಊಟಕ್ಕಲ್ಲ, ನಮ್ಮಪ್ಪನ ಬೆಳ್ಳಿ ನಾಣ್ಯ ನೋಡುವುದಕ್ಕೆ. ಮುಟ್ಟುವುದಕ್ಕಲ್ಲ ಸ್ವಾಮಿ, ಬರೀ ನೋಡುವುದಕ್ಕೆ! ನೋಡೋದು ಕಣ್ಣು, ತೊಳೆಯೋದು ಕೈ ಯಾಕೆ ಅಂತ ಒಬ್ಬರಾದರೂ ಕೇಳಬಹುದಿತ್ತು. ಯಾರೂ ಕೇಳಲಿಲ್ಲ. ಚಳ್ಳಕೆರೆಯಲ್ಲಿ ಸ್ವಂತ ಎಣ್ಣೆ ಮಿಲ್ ಇದ್ದವರನ್ನು ಆಗ ಯಾರೂ ಏನೂ ಕೇಳುತ್ತಿರಲಿಲ್ಲ. ದೊಡ್ಡ ದೊಡ್ಡ ಮೀಸೆಯವರು, ಹೊಲ ತೋಟ ಇದ್ದವರು, ನಮ್ಮ ಬಚ್ಚಲ ಬಾಗಿಲಲ್ಲಿ ಸಾಲಾಗಿ ನಿಂತು ಅವ್ವ ಹಾಕುವ ನೀರಿಗೆ ಕೈಯೊಡ್ಡಿ, ಪಂಚೆಗೆ ಒರೆಸಿಕೊಂಡು, ಮಕ್ಕಳ ಹಾಗೆ ಬಂದು ಕೂರುತ್ತಿದ್ದರು. ಅದನ್ನು ನೋಡಿ ನೋಡಿಯೇ ನನಗೆ ದೊಡ್ಡವರ ಮೇಲಿದ್ದ ಗೌರವ ಹೊರಟುಹೋಯಿತು. ಹೋದದ್ದು ಮತ್ತೆ ಬರಲೂ ಇಲ್ಲ, ಬರಲಿ ಅಂತ ನಾನು ಕಾಯಲೂ ಇಲ್ಲ.

ಮನೆ ಉದ್ದಕ್ಕಿತ್ತು. ಬೀದಿಗೆ ಪಡಸಾಲೆ, ಅಲ್ಲಿ ಅಪ್ಪನ ಗಾದಿ. ಅದರ ಹಿಂದೆ ನಡುಮನೆ, ಪಕ್ಕಕ್ಕೆ ದೇವರ ಮನೆ, ಆಮೇಲೆ ಕತ್ತಲು ಕತ್ತಲಾದ ಅಡುಗೆ ಮನೆ, ಬಚ್ಚಲು, ಹಿತ್ತಲು. ಹಿತ್ತಲ ಬಾಗಿಲು ತೆಗೆದರೆ ಮಿಲ್ಲಿನ ಅಂಗಳ, ಶೇಂಗಾ ಒಣಗಿಸುವ ಸಿಮೆಂಟಿನ ದೊಡ್ಡ ಕಣ. ಮನೆಯಲ್ಲಿದ್ದ ಎಲ್ಲದಕ್ಕೂ ಶೇಂಗಾ ಹಿಂಡಿಯ ವಾಸನೆ. ತಲೆದಿಂಬಿಗೆ, ನನ್ನ ಶಾಲೆಯ ಚೀಲಕ್ಕೆ, ಕೊನೆಗೆ ದೇವರ ಮುಂದಿಟ್ಟ ಸಕ್ಕರೆಗೂ. ಪಡಸಾಲೆ ಅಪ್ಪನದು, ಅಡುಗೆ ಮನೆ ಅವ್ವನದು, ನಡುಮನೆಯ ಕಂಬಕ್ಕೊರಗಿದ ಜಾಗ ಅಜ್ಜಿಯದು. ಮಧ್ಯಾಹ್ನ ಕಣದಲ್ಲಿ ಶೇಂಗಾ ಇಲ್ಲದ ಹೊತ್ತು, ಆ ಬಯಲು ಮಾತ್ರ ನಮ್ಮ ಗಿರಿಜತ್ತೆಯದು. ಅವಳು ಅಪ್ಪನ ತಂಗಿ, ಅಪ್ಪನಿಗಿಂತ ಬಹಳ ಚಿಕ್ಕವಳು. ನನಗಿಂತ ಆರೇಳು ವರ್ಷಕ್ಕೆ ದೊಡ್ಡವಳಿದ್ದಳು ಅಷ್ಟೆ. ತಾತ ತೀರಿಕೊಂಡ ಮೇಲೆ ಅಪ್ಪನೇ ಅವಳಿಗೆ ತಂದೆಯ ಜಾಗದಲ್ಲಿದ್ದಾನೆ ಅಂತ ಎಲ್ಲರೂ ಅನ್ನುತ್ತಿದ್ದರು. ಜಾಗದಲ್ಲೇನೋ ಇದ್ದ, ಗಟ್ಟಿಯಾಗಿ ಕೂತಿದ್ದ.

ನಾಣ್ಯ ಬಂದದ್ದು ಹೀಗೆ. ದಿಲ್ಲಿಯಲ್ಲಿ ಏಷ್ಯಾಡ್ ಅಂತ ದೊಡ್ಡ ಆಟ ನಡೆಯುತ್ತದೆ, ಅದರ ನೆನಪಿಗೆ ಸರ್ಕಾರ ವಿಶೇಷ ನಾಣ್ಯ ಮಾಡಿಸುತ್ತಿದೆ, ಮುಂಗಡ ಕಟ್ಟಿ ಬರೆಸಿಕೊಂಡವರಿಗೆ ಟಂಕಸಾಲೆಯಿಂದ ನೇರವಾಗಿ ಮನೆಗೇ ಬರುತ್ತದೆ, ಆ ದುಡ್ಡು ಆಟಕ್ಕೆ ನೆರವಾಗುತ್ತದೆ ಅಂತ ಬ್ಯಾಂಕಿನವನೊಬ್ಬ ಅಪ್ಪನ ಕಿವಿಯಲ್ಲಿ ಊದಿದ್ದ. ಬೇರೆ ಮಿಲ್ಲಿನವರು ಯಾರೂ ತಗೊಂಡಿಲ್ಲ ಅಂತಲೂ ಸೇರಿಸಿದ್ದ. ಅಷ್ಟು ಸಾಕಾಯಿತು. ಪಾರ್ಸೆಲ್ ಬಂದ ದಿನ ಮನೆಯಲ್ಲಿ ಹೆರಿಗೆಯಾದಷ್ಟು ಗಡಿಬಿಡಿ. ನೀಲಿ ಮಖಮಲ್ಲಿನ ಡಬ್ಬಿ. ಒಳಗೆ ಸಣ್ಣಪುಟ್ಟ ನಾಣ್ಯಗಳ ನಡುವೆ ನೂರು ರೂಪಾಯಿಯ ದೊಡ್ಡ ಬೆಳ್ಳಿ ನಾಣ್ಯ, ಗುಂಡಗಿನ ಪಾರದರ್ಶಕ ಪ್ಲಾಸ್ಟಿಕ್ಕಿನೊಳಗೆ. ಒಂದು ಮುಖದಲ್ಲಿ ಸಿಂಹ, ಇನ್ನೊಂದರಲ್ಲಿ ಆಟದ ಗುರುತು. ಕನ್ನಡಿಯ ಹಾಗಿತ್ತು, ಸುಳ್ಳು ಹೇಳಬಾರದು. ಬಗ್ಗಿ ನೋಡಿದರೆ ನನ್ನ ಮೂಗಿನ ಹೊಳ್ಳೆಗಳು ಕಾಣುತ್ತಿದ್ದವು. ಬೆವರು ತಾಗಿದರೂ ಮಸುಕಾಗುತ್ತದೆ, ಕೈಯಿಂದ ಮುಟ್ಟಲೇಬೇಡಿ ಅಂತ ಆ ಬ್ಯಾಂಕಿನವನು ಹೇಳಿದ್ದನಂತೆ. ಆ ಮಾತೇ ಅಪ್ಪನ ತಲೆಯಲ್ಲಿ ಬೆಳೆದು ಬೆಳೆದು ಬಂದವರೆಲ್ಲ ಕೈ ತೊಳೆಯುವ ಕಟ್ಟಳೆಯಾಯಿತು. ಅಜ್ಜಿ ಮಾತ್ರ ಕಂಬಕ್ಕೊರಗಿದ್ದಲ್ಲಿಂದಲೇ ಕೇಳಿದಳು.

"ಅದ್ರ ಮ್ಯಾಲೆ ಎಷ್ಟು ಅಂತ ಬರ್ದೈತಪ್ಪಾ?"

"ನೂರು ರೂಪಾಯಿ ಅಂತ ಐತವ್ವಾ."

"ನೀನು ಎಷ್ಟು ಕೊಟ್ಟೆ?"

ಅಪ್ಪ ಗಂಟಲು ಸರಿಮಾಡಿಕೊಂಡ. ಏನಾದರೂ ಇಕ್ಕಟ್ಟು ಬಂದರೆ ಅವನ ಗಂಟಲೇ ಮೊದಲು ಕೆಡುತ್ತಿತ್ತು.

"ಸ್ವಲ್ಪ ಜಾಸ್ತಿ."

"ನೂರು ರೂಪಾಯಿಗೆ ನೂರಕ್ಕಿಂತ ಜಾಸ್ತಿ ಕೊಟ್ಟು ತಂದೀಯಾ? ಅಯ್ಯೋ ಶಿವನೇ! ಹಿಂಗಾದ್ರೆ ಮಿಲ್ ಹೆಂಗಪ್ಪಾ ನಡೆಸ್ತೀಯಾ?"

ಅಡುಗೆ ಮನೆಯಲ್ಲಿ ಅವ್ವ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ಆ ಮನೆಯಲ್ಲಿ ಅವಳು ಮನಸಾರೆ ನಕ್ಕಿದ್ದನ್ನು ನಾನು ಕಂಡದ್ದು ಕಡಿಮೆ. ಅಪ್ಪನಿಗೆ ಅದು ಕೇಳಿಸಿತೋ ಇಲ್ಲವೋ, ಅವತ್ತಿನಿಂದ ಅವನ ಬಾಯಲ್ಲಿ ಒಂದೇ ಪಲ್ಲವಿ. "ದಿಲ್ಲಿ ಸ್ಟೇಡಿಯಂ ಗೋಡ್ಯಾಗೆ ನಂದೂ ಒಂದು ಇಟ್ಟಿಗೆ ಐತೆ." ಶೇಂಗಾ ಮಾರಲು ಬಂದ ಬಡ ರೈತನಿಗೂ ಇದನ್ನು ಹೇಳುತ್ತಿದ್ದ. ಆ ಪಾಪದವನು ತನ್ನ ಮೂಟೆ ತೂಕ ಆಗಲಿ ಅಂತ ಕಾಯುತ್ತಾ "ಹೌದಾ ಸಾವ್ಕಾರ್ರೆ, ಭಾಳ ಒಳ್ಳೇದಾತು" ಅನ್ನುತ್ತಿದ್ದ. ಆಟ ಅಂದರೆ ಏನು ಅಂತ ನಮ್ಮಪ್ಪನಿಗೆ ಗೊತ್ತಿತ್ತೇ? ರೇಡಿಯೋದಲ್ಲಿ ಆ ಆಟಗಳ ಸುದ್ದಿ ಬರುವ ಹೊತ್ತಿಗೆ ಡಬ್ಬಿ ತೊಡೆಯ ಮೇಲಿಟ್ಟುಕೊಂಡು ಕೂರುತ್ತಿದ್ದ. ಯಾರೋ ಗುಂಡು ಎಸೆದರು, ಯಾರೋ ಈಜಿದರು ಅಂತ ಕೇಳುತ್ತಾ ಐದು ನಿಮಿಷಕ್ಕೆ ಗೊರಕೆ. ಓಣಿಯ ಹುಡುಗರ ಚೆಂಡು ನಮ್ಮ ಕಣಕ್ಕೆ ಬಿದ್ದರೆ ಮಾತ್ರ ಪೂರ್ತಿ ಎಚ್ಚರ. ಅಂಥ ಚೆಂಡುಗಳನ್ನು ವಾಪಸ್ ಕೊಟ್ಟದ್ದೇ ಇಲ್ಲ. ಮಿಲ್ಲಿನ ಅಟ್ಟದಲ್ಲಿ ಒಂದು ಬುಟ್ಟಿ ತುಂಬ ಕೊಳೆಯುತ್ತಾ ಬಿದ್ದಿದ್ದವು.

ಗಿರಿಜತ್ತೆ ಖೊಖೊ ಆಡುತ್ತಿದ್ದಳು. ಆಡುತ್ತಿದ್ದಳು ಅಂದರೆ ಸುಮ್ಮನೆ ಅಲ್ಲ. ಕಣದ ಆ ತುದಿಗೊಂದು ಈ ತುದಿಗೊಂದು ಶೀಟಿನ ಚಪ್ಪರದ ಕಂಬ ಇದ್ದವು. ನಡುವೆ ಖಾಲಿ ಗೋಣಿಚೀಲಗಳನ್ನು ಮಡಚಿ ಸಾಲಾಗಿ ಇಟ್ಟು, ಅವೇ ಕೂತ ಹುಡುಗಿಯರು ಅಂತ ಮಾಡಿಕೊಂಡು, ಸಂದಿಯಲ್ಲಿ ಹಾವಿನ ಹಾಗೆ ಹರಿಯುತ್ತಿದ್ದಳು. ಅಟ್ಟಿಸಿಕೊಂಡು ಹೋಗುವವಳು ನಾನು. ಒಂದು ದಿನವೂ ಅವಳು ನನ್ನ ಕೈಗೆ ಸಿಗಲಿಲ್ಲ. ಇನ್ನೇನು ಜಡೆ ಸಿಕ್ಕಿತು ಅನ್ನುವಾಗ ಕಂಬಕ್ಕೆ ಒಂದು ಕೈ ಕೊಟ್ಟು ಗರಕ್ಕನೆ ತಿರುಗಿಬಿಡುತ್ತಿದ್ದಳು. ನಾನು ಮುಂದಕ್ಕೆ ಹೋಗಿ ಹಿಂಡಿಯ ರಾಶಿಗೆ ಮುಖ ಕೊಡುತ್ತಿದ್ದೆ. "ಕಾಲು ನೋಡ್ಬೇಡ ಕಣೇ ವಿಮ್ಲಿ, ಸೊಂಟ ನೋಡು. ಕಾಲು ಸುಳ್ಳು ಹೇಳ್ತೈತೆ, ಸೊಂಟ ಹೇಳಲ್ಲ" ಅನ್ನುತ್ತಿದ್ದಳು. ಇವತ್ತಿಗೂ ನಾನು ಹುಡುಗಿಯರಿಗೆ ಹೇಳಿಕೊಡುವುದು ಅದನ್ನೇ. ಶಾಲೆಯ ತಂಡದಿಂದ ತಾಲ್ಲೂಕಿಗೆ, ತಾಲ್ಲೂಕಿನಿಂದ ಜಿಲ್ಲೆಗೆ ಅವಳು ಹೋದದ್ದು ಅಪ್ಪನಿಗೆ ಸರಿಯಾಗಿ ಗೊತ್ತೇ ಇರಲಿಲ್ಲ. ಅಜ್ಜಿಯ ಮಗ್ಗುಲಲ್ಲಿ ಕೂತು ಏನೋ ಉಸುರಿ ಹೋಗಿಬರುತ್ತಿದ್ದಳು. ಆದರೆ ದಾವಣಗೆರೆಯಲ್ಲಿ ರಾಜ್ಯ ತಂಡದ ಆಯ್ಕೆ ಅಂದಾಗ ಅಣ್ಣನ ಒಪ್ಪಿಗೆ ಇಲ್ಲದೆ ಆಗುವಂತಿರಲಿಲ್ಲ. ಕ್ಯಾನ್ವಾಸ್ ಬೂಟುಗಳನ್ನು ಒಗೆದು, ಸೀಮೆಸುಣ್ಣ ಬಳಿದು, ಮಿಲ್ಲಿನ ಗೋಡೆಯ ಮೇಲೆ ಒಣಗಲಿಟ್ಟು, ಪಿ.ಟಿ. ಮೇಷ್ಟ್ರು ಬಂದು ಕೇಳಲಿ ಅಂತ ಕಾಯುತ್ತಾ ಕೂತಳು.

ತಿಪ್ಪೇಸ್ವಾಮಿ ಮೇಷ್ಟ್ರು ಆಯ್ಕೆಯ ಹಿಂದಿನ ಸಂಜೆ ಬಂದರು. ಸೈಕಲ್ ನಿಲ್ಲಿಸಿ, ಪಡಸಾಲೆಯ ಮೆಟ್ಟಿಲ ಹತ್ತಿರವೇ ನಿಂತರು. ನಾನೂ ಅತ್ತೆಯೂ ನಡುಮನೆಯ ಬಾಗಿಲ ಹಿಂದೆ ಇದ್ದೆವು. ಅವಳು ನನ್ನ ರಟ್ಟೆ ಹಿಡಿದಿದ್ದಳು, ಎಷ್ಟು ಬಿಗಿಯಾಗಿ ಅಂದರೆ ಬೆರಳ ಗುರುತು ಮೂಡಿತ್ತು.

"ಸಾವ್ಕಾರ್ರೆ, ನಾಳೆ ಬೆಳಿಗ್ಗೆ ಹುಡುಗ್ಯಾರನ್ನ ದಾವಣಗೆರೆಗೆ ಕರ್ಕಂಡು ಹೋಗ್ತಿದೀನಿ. ಗಿರಿಜನ್ನ ಕಳಿಸಿಕೊಡ್ರಿ. ನಮ್ಮ ಕಡೆಯಿಂದ ಆಯ್ಕೆ ಆದ್ರೆ ಅವಳೊಬ್ಬಳೇ ಆಗೋದು. ಸಂಜೆಗೆ ನಾನೇ ಬಾಗಿಲಿಗೆ ತಂದು ಬಿಡ್ತೀನಿ."

"ಮೊದ್ಲು ಕೈ ತೊಳ್ಕಳ್ರಿ ಮೇಷ್ಟ್ರೇ."

ಮೇಷ್ಟ್ರು ಊಟಕ್ಕೆ ಕರೆಯುತ್ತಿದ್ದಾರೆ ಅಂದುಕೊಂಡರು, ಪಾಪ.

"ಊಟ ಆಗೈತ್ರಿ ನಂದು."

"ಊಟಕ್ಕಲ್ಲ. ತೊಳ್ಕಂಡು ಬರ್ರಿ ನೀವು."

ತೊಳೆದುಕೊಂಡು ಬಂದರು. ಅಪ್ಪ ಡಬ್ಬಿ ತೆರೆದ. ಬೆಳಕಿಗೆ ಹಿಡಿದ. ಸಿಂಹ ತೋರಿಸಿದ, ಗುರುತು ತೋರಿಸಿದ, ದಿಲ್ಲಿಯ ಗೋಡೆ, ತನ್ನ ಇಟ್ಟಿಗೆ, ಎಲ್ಲ ಒಪ್ಪಿಸಿದ. ಮೇಷ್ಟ್ರು ಕೊನೆಯವರೆಗೂ ಕೇಳಿದರು.

"ಭಾಳ ಚೆನ್ನಾಗೈತ್ರಿ. ಇದ್ರಾಗೆ ಖೊಖೊ ಐತೇನ್ರಿ?"

"ಗೊತ್ತಿಲ್ಲ. ಇರಬೇಕು."

"ಇಲ್ರಿ. ಅದಿರ್ಲಿ, ನೀವು ದೇಶದ ಆಟಕ್ಕೆ ಇಷ್ಟು ಕೊಟ್ಟೀರಿ. ನನಗೆ ದುಡ್ಡು ಬ್ಯಾಡ. ನಿಮ್ಮ ತಂಗಿನ ಒಂದೇ ಒಂದು ದಿನ ಕೊಡ್ರಿ ಸಾಕು."

ಅಪ್ಪನ ಗಂಟಲು ಕೆಟ್ಟಿತು.

"ನಾಳೆ ಆಗಲ್ಲ. ರಾಂಪುರದಿಂದ ಹೆಣ್ಣು ನೋಡಕ್ಕೆ ಬರ್ತಾರೆ."

"ನಾಡಿದ್ದು ಬರ್ರಿ ಅಂತ ಹೇಳಿ ಕಳಿಸ್ರಿ."

"ಏನ್ ಮಾತಾಡ್ತೀರಿ ಮೇಷ್ಟ್ರೇ! ಆಟಕ್ಕೋಸ್ಕರ ನೆಂಟರನ್ನ ಮುಂದಕ್ಕೆ ಹಾಕಕ್ಕಾಗ್ತೈತಾ?"

ಈ ಮಾತು ಆಡುವಾಗ ಡಬ್ಬಿ ಅವನ ತೊಡೆಯ ಮೇಲೆಯೇ ಇತ್ತು. ಹತ್ತು ವರ್ಷದ ಹುಡುಗಿ ನಾನು, ನನಗೆ ಕಂಡದ್ದು ಆ ಮನುಷ್ಯನಿಗೆ ಕಾಣಲಿಲ್ಲ. ಮೇಷ್ಟ್ರು ಸೈಕಲ್ ತಳ್ಳಿಕೊಂಡು ಹೋದರು. ಅತ್ತೆ ನನ್ನ ರಟ್ಟೆ ಬಿಟ್ಟಳು. ಹಿತ್ತಲಿಗೆ ಹೋಗಿ ಗೋಡೆಯ ಮೇಲಿದ್ದ ಬೂಟುಗಳನ್ನು ತಂದು ಅಕ್ಕಿ ಡಬ್ಬದ ಹಿಂದೆ ತುರುಕಿದಳು. ಅವತ್ತು ರಾತ್ರಿ ಮುದ್ದೆ, ಶೇಂಗಾ ಚಟ್ನಿ, ಹುರುಳಿ ಸಾರು. ಅವಳು ಎಲ್ಲರಿಗೂ ಬಡಿಸಿದಳು. ಅಪ್ಪ ಇನ್ನೊಂದು ಮುದ್ದೆ ಹಾಕಿಸಿಕೊಂಡ.

ಇನ್ನು ಆ ನಾಣ್ಯಕ್ಕೆ ಆಗಲೇ ಒಂದು ಗತಿ ಕಾಣಿಸಿಯಾಗಿತ್ತು, ಅದನ್ನೂ ಹೇಳಬೇಕು. ಮೇಷ್ಟ್ರು ಬರುವುದಕ್ಕೆ ಸ್ವಲ್ಪ ದಿನ ಮುಂಚೆ ದೀಪಾವಳಿ. ಮಿಲ್ಲಿನಲ್ಲಿ ಲಕ್ಷ್ಮೀಪೂಜೆಗೆ ಮನೆಯ ಚಿನ್ನ ಬೆಳ್ಳಿ ಎಲ್ಲ ತಟ್ಟೆಯಲ್ಲಿಡುವುದು ರೂಢಿ. ಅಪ್ಪ ಡಬ್ಬಿಯನ್ನು ಹಾಗೇ ತಂದು ತಟ್ಟೆಯ ಪಕ್ಕಕ್ಕಿಟ್ಟ. ಅಜ್ಜಿ ರಂಪ ಎತ್ತಿದಳು.

"ಹಾಲು ಮೊಸರು ಕಾಣದ್ದು, ಅರಿಶಿನ ಕುಂಕುಮ ಕಾಣದ್ದು, ಅದು ಲಕ್ಷ್ಮಿ ಹೆಂಗಾಗ್ತೈತೋ? ಪ್ಲಾಸ್ಟಿಕ್‌ನಾಗೆ ಉಸಿರು ಕಟ್ಟಿ ಕುಂತೋಳಿಗೆ ಆರತಿ ಎತ್ತಕ್ಕೆ ನಾನು ಬಿಡಲ್ಲ."

"ಮುಟ್ಟಬಾರದು ಅಂತ ಹೇಳ್ಯಾರವ್ವಾ."

"ದೇವ್ರಿಗೇ ಮಡಿ ಹೇಳಿಕೊಡ್ತಾರೇನೋ ಅವರು?"

ಊರಿಗೆಲ್ಲ ಕೈ ತೊಳೆಸಿದ ಗಂಡಸು ತಾಯಿಯ ಮುಂದೆ ಬಾಲ ಮುದುರಿಕೊಂಡ. ಪ್ಲಾಸ್ಟಿಕ್ ಬಿಚ್ಚಿ ನಾಣ್ಯ ಹೊರಬಂತು. ಹಾಲಿನಲ್ಲಿ ಮುಳುಗಿತು, ಮೊಸರಿನಲ್ಲಿ ಮುಳುಗಿತು, ಸಿಂಹಗಳ ಮುಖದ ತುಂಬ ಅರಿಶಿನ, ಮೇಲೆ ಕುಂಕುಮ. ಪೂಜೆ ಮುಗಿದ ಮೇಲೆ ಒದ್ದೆಯಾಗಿದ್ದಂತೆಯೇ ಪ್ಲಾಸ್ಟಿಕ್ಕಿನೊಳಗೆ ಹಾಕಿ ಮುಚ್ಚಿದರು. ಮೇಷ್ಟ್ರು ಬಂದ ಸಂಜೆ ಅಪ್ಪ ಬೆಳಕಿಗೆ ಹಿಡಿದಾಗಲೇ ಸಂದಿಗಳಲ್ಲಿ ಅರಿಶಿನ ಕಪ್ಪಿಟ್ಟದ್ದು ಅವನ ಕಣ್ಣಿಗೆ ಬಿದ್ದಿರಬೇಕು. ಮಾರನೆಯ ಬೆಳಿಗ್ಗೆ ಎದ್ದವನೇ ತಂಗಿಯನ್ನು ಕೂಗಿದ.

"ಗಿರಿಜಾ, ಇದನ್ನ ಒಂಚೂರು ಉಜ್ಜವ್ವಾ. ರಾಂಪುರದೋರು ಬರೋ ಹೊತ್ತಿಗೆ ಹೊಳೀಬೇಕು."

ಬೆಳ್ಳಿ ಅಂದಮೇಲೆ ಬೆಳ್ಳಿ. ದೇವರ ಮನೆಯ ದೀಪ, ಗಿಂಡಿ, ಎಲ್ಲವನ್ನೂ ಅವಳೇ ಹುಣಸೆಹಣ್ಣು, ವಿಭೂತಿ ಹಾಕಿ ತಿಕ್ಕುತ್ತಿದ್ದಳು. ಇದನ್ನೂ ಹಾಗೇ ತಿಕ್ಕಿದರಾಯಿತು ಅಂತ ಅಪ್ಪನ ಬುದ್ಧಿ. ಬಚ್ಚಲ ಕಲ್ಲಿನ ಮೇಲೆ ಕೂತಳು. ಅದೇ ಹೊತ್ತಿಗೆ ಬಸ್ ಸ್ಟ್ಯಾಂಡಿಗೆ ಹೋಗುವ ಹುಡುಗಿಯರ ಗುಂಪು ನಮ್ಮ ಓಣಿಯಲ್ಲೇ ಹೋಯಿತು. ಯಾರೋ "ಗಿರಿಜಾ, ಏ ಗಿರಿಜಾ" ಅಂತ ಕೂಗಿದರು. ಅವಳು ತಲೆ ಎತ್ತಲಿಲ್ಲ. ಹುಣಸೆಹಣ್ಣು ತೆಗೆದುಕೊಂಡು ತಿಕ್ಕಿದಳು. ವಿಭೂತಿ ಹಾಕಿ ತಿಕ್ಕಿದಳು. ಅದು ಸಾಲದು ಅಂತ ಒಲೆಯ ಬೂದಿ ತಂದಳು, ತೆಂಗಿನ ನಾರು ತಂದಳು. ಕಂಬ ಹಿಡಿದು ತಿರುಗುತ್ತಿದ್ದ ಆ ಕೈಯ ಬಲವೆಲ್ಲ ಅಷ್ಟಗಲದ ಬೆಳ್ಳಿಯ ಮೇಲೆ ಬಿತ್ತು. ಕೂಗುವ ದನಿ ಓಣಿಯ ತಿರುವಿನಲ್ಲಿ ಅಡಗಿದ ಮೇಲೂ ನಿಲ್ಲಿಸಲಿಲ್ಲ. ಅಪ್ಪ ಹಲ್ಲುಜ್ಜುತ್ತಾ ಅತ್ತ ಬಂದ.

"ಇನ್ನೂ ಉಜ್ಜಲೇನಣ್ಣಾ?"

"ಚೆನ್ನಾಗಿ ಉಜ್ಜು. ಕನ್ನಡಿ ಆಗ್ಬೇಕು."

ಬಂದಾಗ ಕನ್ನಡಿಯೇ ಆಗಿತ್ತಲ್ಲಪ್ಪಾ! ಅವಳು ಉಜ್ಜಿ ಮುಗಿಸಿದ ಮೇಲೆ ನಾನು ಬಗ್ಗಿ ನೋಡಿದೆ. ನನ್ನ ಮೂಗು ಕಾಣಲಿಲ್ಲ. ಬೆಳ್ಳಗೆ ಹೊಳೆಯುತ್ತಿತ್ತು, ತಿಕ್ಕಿಟ್ಟ ಲೋಟದ ಹಾಗೆ. ಅಪ್ಪ ಕೈಯಲ್ಲಿ ಹಿಡಿದು, ತಿರುಗಿಸಿ ನೋಡಿ, "ಭೇಷ್, ಟಂಕಸಾಲೆಯೋರಿಗಿಂತ ಚೆನ್ನಾಗಿ ಮಾಡೀಯಾ" ಅಂದ.

ರಾಂಪುರದವರು ಜೀಪಿನಲ್ಲಿ ಬಂದರು. ಕಾಲು ತೊಳೆದರು, ಕೈ ತೊಳೆದರು. ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ, ಸಿಹಿಗೆ ಕರ್ಚಿಕಾಯಿ. ಹುಡುಗ ತಲೆ ತಗ್ಗಿಸಿ ಕೂತಿದ್ದ, ಮಾತೆಲ್ಲ ಅವರಪ್ಪನದು. ಸಿಮೆಂಟ್ ಅಂಗಡಿಯ ಯಜಮಾನ, ಹೊಟ್ಟೆಯೂ ಒಂದು ಮೂಟೆ. ಅವರಿಗೆ ಮೊದಲು ಹೆಣ್ಣು ತೋರಿಸಲಿಲ್ಲ ನಮ್ಮಪ್ಪ. ನಾಣ್ಯ ತೋರಿಸಿದ. ಡಬ್ಬಿ ಕೈಯಿಂದ ಕೈಗೆ ಹೋಗಿ ಎಲ್ಲರೂ ಲೊಚಗುಟ್ಟಿ ಆದಮೇಲೆ ಆ ಯಜಮಾನರು ಕೇಳಿದರು.

"ಹುಡುಗೀನೂ ಇಸ್ಕೂಲ್ನಾಗೆ ಏನೋ ಆಡ್ತಾಳಂತಲ್ರಿ? ಯಾರೋ ಅಂದ್ರು."

"ಛೇ ಛೇ, ಯಾರ್ರೀ ಅಂದೋರು? ನಮ್ಮ ಮನೆ ಹೆಣ್ಮಕ್ಕಳು ಆಟ ಗೀಟ ಆಡಲ್ರಿ. ಆಟಕ್ಕೆ ದುಡ್ಡು ಕೊಡೋದಷ್ಟೇ ನಮ್ಮ ಕೆಲಸ."

ಕಾಫಿಯ ತಟ್ಟೆ ಹಿಡಿದು ಬಾಗಿಲಿಗೆ ಬಂದಿದ್ದ ಅತ್ತೆ ಇದನ್ನು ಕೇಳಿಸಿಕೊಂಡಳು. ತಟ್ಟೆಯನ್ನು ಯಾರಿಗೂ ಚಾಚಲಿಲ್ಲ, ನೆಲದ ಮೇಲೆ ಇಟ್ಟಳು. ಇಟ್ಟು ನೆಟ್ಟಗೆ ನಿಂತಳು.

"ಆಡ್ತೀನ್ರಿ. ಇವತ್ತು ದಾವಣಗೆರೆನಾಗೆ ರಾಜ್ಯ ತಂಡಕ್ಕೆ ಆಯ್ಕೆ ಇತ್ತು. ಆ ನಾಣ್ಯ ಉಜ್ಜೋದಿತ್ತು, ಅದಕ್ಕೇ ಹೋಗ್ಲಿಲ್ಲ."

ಅವ್ವ ಬಾಗಿಲ ಹಿಂದೆ ನನ್ನ ಬಾಯಿ ಮುಚ್ಚಿದ್ದಳು, ನಾನು ಏನಾದರೂ ಅಂದುಬಿಡುತ್ತೇನೆ ಅಂತ. ಅಪ್ಪ ಬಾಯಿ ತೆರೆದ, ಗಂಟಲು ಸಹಕರಿಸಲಿಲ್ಲ. ಈ ಸಂಬಂಧ ಮುರಿದುಬಿತ್ತು, ಅತ್ತೆ ಗೆದ್ದಳು ಅಂತಲೇ ನಾನು ಅಂದುಕೊಂಡೆ. ಆಗ ಆ ಸಿಮೆಂಟಿನ ಯಜಮಾನರು ಹೊಟ್ಟೆ ಕುಲುಕಿಸಿ ನಕ್ಕರು.

"ತಮಾಷಿ ಹುಡುಗಿ ಕಣ್ರಿ! ನಮ್ಮ ಮನ್ಯಾಗೆ ನಗೋರೇ ಇಲ್ಲ. ಬರ್ಲಿ ಬಿಡ್ರಿ."

ಎಲ್ಲರೂ ನಕ್ಕರು. ಅಪ್ಪ ಎಲ್ಲರಿಗಿಂತ ಜೋರಾಗಿ ನಕ್ಕ. ಅಲ್ಲೇ ತಾಂಬೂಲ ಬದಲಾಯಿಸಿಕೊಂಡರು. ಬದುಕಿನಲ್ಲಿ ಅವಳು ಎದ್ದುನಿಂತು ಆಡಿದ ಒಂದು ನಿಜವಾದ ಮಾತನ್ನು ಅಷ್ಟೂ ಜನ ಸೇರಿ ತಮಾಷೆ ಮಾಡಿ ನುಂಗಿಬಿಟ್ಟರು, ಕರ್ಚಿಕಾಯಿಯ ಜೊತೆಗೆ. ಥೂ! ಇವತ್ತಿಗೂ ನೆನೆಸಿಕೊಂಡರೆ ನನ್ನ ಮೈ ಉರಿಯುತ್ತದೆ. ಕಣದಲ್ಲಿ ಗೋಣಿಚೀಲಗಳು ಮತ್ತೆ ಸಾಲಾಗಿ ಕೂರಲಿಲ್ಲ. ಮದುವೆಯ ದಿನ ಬಂದ ಬೀಗರಿಗೂ ಅಪ್ಪ ಡಬ್ಬಿ ತೋರಿಸಿದ.

ಮುಂದೆ ನಾನು ದೈಹಿಕ ಶಿಕ್ಷಕಿಯಾಗುತ್ತೇನೆ ಅಂದಾಗ ಮನೆಯಲ್ಲಿ ದೊಡ್ಡ ಯುದ್ಧವಾಗುತ್ತದೆ ಅಂತ ಸೊಂಟ ಕಟ್ಟಿ ನಿಂತಿದ್ದೆ. ಆಗಲಿಲ್ಲ. "ಸರ್ಕಾರದ ಸಂಬಳ ಬರ್ತೈತಾ?" ಅಂತ ಅಪ್ಪ ಕೇಳಿದ. ಬರುತ್ತದೆ ಅಂದೆ. "ಹಂಗಾದ್ರೆ ಅದು ಆಟ ಅಲ್ಲ ಬಿಡು" ಅಂದ. ಅಷ್ಟೇ ನಮ್ಮಪ್ಪ. ಅವನು ಸಾಯುವವರೆಗೂ ಬಂದವರೆಲ್ಲ ಕೈ ತೊಳೆದರು. ತೀರಿಕೊಂಡ ಮೇಲೆ ನಮ್ಮಣ್ಣ ಶಿವು, ಅದೇ ತಳಿಯ ಬೀಜ, ಹಳೇ ನಾಣ್ಯ ಕೊಳ್ಳುವವನೊಬ್ಬನನ್ನು ಹುಡುಕಿ ಕರೆಸಿದ. ಲಕ್ಷ ಬರುತ್ತದೆ ಅಂತ ಮೊಬೈಲಿನಲ್ಲಿ ಏನೇನೋ ನೋಡಿಕೊಂಡಿದ್ದ. ಬಂದವನು ಭೂತಗನ್ನಡಿ ಇಟ್ಟು ನೋಡಿ, ತಲೆ ಕೊಡವಿ ಕೆಳಗಿಟ್ಟ.

"ಯಾರ್ರೀ ಇದನ್ನ ಉಜ್ಜಿದೋರು? ಕೊಂದು ಹಾಕ್ಯಾರೆ. ಬೆಳ್ಳಿ ತೂಕಕ್ಕೆ ಹೋಗ್ತೈತೆ ಅಷ್ಟೆ."

ನಾನು ಗಟ್ಟಿಯಾಗಿ ನಕ್ಕೆ. ಸಾವಿನ ಮನೆ, ಅಳು ಇನ್ನೂ ಆರಿರಲಿಲ್ಲ, ಎಲ್ಲರೂ ತಿರುಗಿ ನೋಡಿದರು, ನೋಡಲಿ. ಅಷ್ಟು ವರ್ಷ ಊರಿಗೂರೇ ಕೈ ತೊಳೆದು ನೋಡಿದ್ದು ಕೊಂದುಹಾಕಿದ ನಾಣ್ಯವನ್ನು! ಶಿವಣ್ಣ ಸಿಟ್ಟಿನಲ್ಲಿ ಡಬ್ಬಿಯನ್ನು ನನ್ನ ಕಡೆ ತಳ್ಳಿ "ನಿನಗೆ ಬೇಕಾದ್ರೆ ಇಟ್ಕೋ" ಅಂದ. ಇಟ್ಟುಕೊಂಡೆ. ಮಿಲ್ಲಿನಲ್ಲಿ ನನಗೆ ಬಂದ ಪಾಲು ಅದೇ.

ಹೋದ ವರ್ಷ ಬಿ.ಜಿ. ಕೆರೆಯ ನಮ್ಮ ಶಾಲೆಯ ಮೈದಾನದಲ್ಲಿ ತಾಲ್ಲೂಕು ಮಟ್ಟದ ಖೊಖೊ ನಡೆಯಿತು. ಅತಿಥಿಯಾಗಿ ಯಾರನ್ನು ಕರೆಯಬೇಕು ಅಂತ ಹೆಡ್‌ಮಾಸ್ತರರು ಎಂಎಲ್‌ಎ, ಗುತ್ತಿಗೆದಾರ ಅಂತೆಲ್ಲ ಹೆಸರು ಹೇಳುತ್ತಿದ್ದರು. ನಾನು ಯಾರನ್ನೂ ಕೇಳದೆ ರಾಂಪುರದ ಬಸ್ಸಿನಲ್ಲಿ ಗಿರಿಜತ್ತೆಯನ್ನು ಕರೆಸಿದೆ. ಅರವತ್ತರ ಹತ್ತಿರ, ಎರಡೂ ಮಂಡಿ ನೋವು, ಬಸ್ಸಿನ ಮೆಟ್ಟಿಲಿಳಿಯಲು ಕಂಡಕ್ಟರ್ ಕೈ ಹಿಡಿಯಬೇಕಾಯಿತು. ಅಷ್ಟು ವರ್ಷ ಆ ನಗದವರ ಮನೆಯಲ್ಲಿ ಬೇಯಿಸಿ ಹಾಕಿದವಳು. ಗೆರೆಯ ಪಕ್ಕ ಕುರ್ಚಿ ಹಾಕಿದೆ. ಕೂರಲಿಲ್ಲ, ಕಂಬದ ಹತ್ತಿರ ಹೋಗಿ ಅದಕ್ಕೊಂದು ಕೈ ಕೊಟ್ಟು ನಿಂತಳು. ಟಾಸ್ ಹಾಕು ಅಂತ ನಾನು ಜೇಬಿನಿಂದ ಆ ಬೆಳ್ಳಿ ನಾಣ್ಯ ತೆಗೆದು ಚಾಚಿದೆ. ನೋಡಿದಳು. ಗುರುತು ಸಿಕ್ಕಿತು.

"ಕೈ ತೊಳ್ಕಂಡು ಬರ್ಲೇನೇ ವಿಮ್ಲಿ?"

"ಸುಮ್ನೆ ಎಸೀ ಅತ್ತೆ."

ಎಸೆದಳು. ಬಿಸಿಲಿನಲ್ಲಿ ಒಂದು ಸಲ ಮಿಂಚಿತು. "ಸಿಂಹ" ಅಂತ ನಮ್ಮ ಕ್ಯಾಪ್ಟನ್ ಹುಡುಗಿ ಕೂಗಿದಳು. ಧಪ್ಪನೆ ಕೆಂಪು ಮಣ್ಣಿನಲ್ಲಿ ಬಿತ್ತು. ಬಗ್ಗಿ ನೋಡಿದೆವು, ಸಿಂಹವೇ. "ನಾವು ಓಡ್ತೀವಿ ಮಿಸ್" ಅಂದಳು ಆ ಹುಡುಗಿ. ಆಮೇಲೆ ನಾಣ್ಯವನ್ನು ಎತ್ತಿಕೊಂಡಳು. ಬೆಳ್ಳಿಯದು ಅಂತ ತಿಳಿದಿರಬೇಕು, ಹೆದರಿಕೊಂಡು ಚಡ್ಡಿಗೆ ತಿಕ್ಕತೊಡಗಿದಳು.

"ಮಣ್ಣಾಗೋಯ್ತು ಅಜ್ಜಿ. ಉಜ್ಜಿ ಕೊಡ್ತೀನಿ ತಡೀರಿ."

ಅತ್ತೆ ಅವಳ ಕೈ ಹಿಡಿದು ನಿಲ್ಲಿಸಿದಳು. ನಾಣ್ಯವನ್ನು ಕಸಿದು ಮತ್ತೆ ಮಣ್ಣಿಗೇ ಎಸೆದಳು.

"ಅದನ್ನ ಉಜ್ಜೋದು ಬ್ಯಾಡ ಕಣವ್ವಾ. ನೀನು ಹೋಗು, ಓಡು."

ನಾನು ಸೀಟಿ ಊದಿದೆ.